ಓದಿಗೆ ಲೆಕ್ಕ ಕೇಳಬಹುದೆ?

“ಏನಪಾ, ನಿನ್ನ ಮಗಳು ಇನ್ನಾ ಎಷ್ಟ ವರ್ಷ ಸಾಲಿ ಕಲೀತಾಳ?”

ನಮ್ಮ ತಾಯಿಯವರು ಈ ಪ್ರಶ್ನೆಯನ್ನು ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಾರೆ, ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಎರೆಹೊಲದಲ್ಲಿ ನಲವತ್ತು ವರ್ಷ ಬಿತ್ತಿ ಬೆಳೆದು, ಈಗ ನಮ್ಮೊಡನೆ ಬಿಬವೇವಾಡಿಯ ಎರಡನೆಯ ಮಹಡಿಯ ಮನೆಯಲ್ಲಿದ್ದಾರೆ. ಅವರ ಪ್ರಶ್ನೆಯಲ್ಲಿ ಕುಹಕವಿಲ್ಲ. ಬಿತ್ತಿದ ಮೇಲೆ ಇಷ್ಟು ದಿನಕ್ಕೆ ಹುಟ್ಟಬೇಕು, ಇಷ್ಟು ದಿನಕ್ಕೆ ತೆನೆ ಹಾಯಬೇಕು ಎಂದು ಬಲ್ಲವರಿಗೆ, ಇಪ್ಪತ್ತು ವರ್ಷ ಕಳೆದರೂ ಕೊಯ್ಲಿಗೆ ಬಾರದ ಬೆಳೆಯನ್ನು ಕಂಡಾಗ ಹುಟ್ಟುವ ಸಹಜವಾದ ಪ್ರಶ್ನೆ ಅದು.

ಇದು ನಮ್ಮ ಮನೆಯೊಂದರ ಪ್ರಶ್ನೆಯಲ್ಲವೆಂಬುದನ್ನೂ ಬಲ್ಲೆವು. ಊರು ಬಿಟ್ಟು ಬಂದ ನಮ್ಮಂಥವರಿಗೆ ಹೊಲವಿಲ್ಲ, ಅಂಗಡಿಯಿಲ್ಲ. ಮಕ್ಕಳ ಓದೇ ಆಸ್ತಿ. ಹಾಗಾಗಿ ಓದನ್ನು ನಾವು ಆಸ್ತಿಯಂತೆಯೇ ಕಾಣುತ್ತೇವೆ, ಎಂದರೆ ಅದರಿಂದ ಹುಟ್ಟುವಳಿ ಎಷ್ಟು ಎಂದು ಕೇಳುತ್ತೇವೆ. ಮಗ ಇಂಜಿನಿಯರಿಂಗ್ ಮುಗಿಸಿ ಹಿಂಜವಡಿಯ ಕಂಪನಿಗೆ ಸೇರಿದ ಎಂದರೆ ಸಂಘದ ಸಮಾರಂಭದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಮಗಳು ಎಂ.ಎಸ್ಸಿ. ಸಸ್ಯಶಾಸ್ತ್ರ ಮುಗಿಸಿ ಪಿಎಚ್.ಡಿ.ಗೆ ಸೇರಿದ್ದಾಳೆ ಎಂದರೆ ಒಂದು ಕ್ಷಣ ಮೌನ, ಆಮೇಲೆ “ಹೌದೇ? ಮುಂದೆ ಏನು ಮಾಡ್ತಾಳಂತೆ?”

ಓದಿಗೆ ಹೀಗೆ ಲೆಕ್ಕ ಕೇಳುವುದು ನ್ಯಾಯವೆ? ನ್ಯಾಯವಾದರೆ, ಕೇಳತಕ್ಕ ಲೆಕ್ಕ ಯಾವುದು? ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಈ ವಿಚಾರವನ್ನು ತಲೆಯಿಂದ ಇಳಿಯಗೊಡಲಿಲ್ಲ. ನಾವು ತತ್ತ್ವಶಾಸ್ತ್ರ ಓದಿದವರಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರು. ಲೆಕ್ಕ ಕೇಳುವುದೇ ನಮ್ಮ ಕಸುಬು. ಆ ಕಸುಬಿನ ಬಲದ ಮೇಲೆಯೇ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಮೊದಲು ನಮ್ಮ ಪಕ್ಷಪಾತವನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಾವು 1998ರಲ್ಲಿ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದೆವು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ನಮ್ಮ ವಿಷಯಗಳು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ ಗಿಡಮರಗಳಿಗೆ ಮರುಳಾದ ಹುಡುಗರಲ್ಲಿ ನಾವೂ ಒಬ್ಬರು. ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಅದೇ ವರ್ಷ ತಂದೆಯವರು ಹಾಸಿಗೆ ಹಿಡಿದರು, ತಮ್ಮನ ಓದು ಅರ್ಧಕ್ಕೆ ನಿಂತಿತ್ತು. ಗುಮಾಸ್ತರ ಪರೀಕ್ಷೆಗೆ ಕುಳಿತೆವು, ಪಾಸಾದೆವು, ಪುಣೆಗೆ ಬಂದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಿದೆವು. ಇದರಲ್ಲಿ ಯಾರ ಮೇಲೂ ದೂರಿಲ್ಲ. ಆದರೆ ಮಗಳು ಸಸ್ಯಶಾಸ್ತ್ರವನ್ನೇ ಆರಿಸಿಕೊಂಡಾಗ ನಮ್ಮ ಶ್ರೀಮತಿಯವರು “ಇದು ಅವಳ ಆಸೆಯೋ, ನಿಮ್ಮದೋ?” ಎಂದು ಕೇಳಿದ್ದು ನಿಜ, ನಮ್ಮ ಬಳಿ ಉತ್ತರ ಇರಲಿಲ್ಲ ಎಂಬುದೂ ನಿಜ.

ಈ ಓದಿನ ಸ್ವರೂಪವನ್ನು ಬಲ್ಲದವರಿಗಾಗಿ ಎರಡು ಮಾತು. ಪುಣೆಯಲ್ಲಿ ಜೀವವಿಜ್ಞಾನದ ಓದಿಗೆ ಕೊರತೆಯಿಲ್ಲ. 1949ರಲ್ಲಿ ಆರಂಭವಾದ, 2014ರಿಂದ ಸಾವಿತ್ರಿಬಾಯಿ ಫುಲೆಯವರ ಹೆಸರು ಹೊತ್ತಿರುವ ವಿಶ್ವವಿದ್ಯಾಲಯವಿದೆ, ಅದರ ಆವರಣದಲ್ಲೇ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವಿದೆ, ಆಘಾರ್ಕರ್ ಸಂಸ್ಥೆಯಿದೆ, 2006ರಿಂದ ಐಸರ್ ಇದೆ. ಎಂ.ಎಸ್ಸಿ. ಎರಡು ವರ್ಷ. ಅದರ ಮೇಲೆ ಪಿಎಚ್.ಡಿ.ಗೆ 2022ರ ನಿಯಮದ ಪ್ರಕಾರ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷ ಹೆಚ್ಚಿನ ಅವಕಾಶ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಶಿಷ್ಯವೇತನವುಂಟು. 2023ರ ಜನವರಿಯಿಂದ ಅದು ಮೊದಲೆರಡು ವರ್ಷ ತಿಂಗಳಿಗೆ ರೂ. 37,000, ಆಮೇಲೆ ರೂ. 42,000. ಗುಮಾಸ್ತನ ಬುದ್ಧಿ ಸುಮ್ಮನಿರದು, ಕೂಡಿ ನೋಡಿದೆವು. ಎರಡು ವರ್ಷಕ್ಕೆ ರೂ. 8,88,000, ಮುಂದಿನ ಮೂರು ವರ್ಷಕ್ಕೆ ರೂ. 15,12,000, ಒಟ್ಟು ಸರಿಯಾಗಿ 24 ಲಕ್ಷ. ಮನೆ ಬಾಡಿಗೆಯ ಭತ್ಯೆ, ಪ್ರಯೋಗಾಲಯದ ಖರ್ಚು ಬೇರೆ. ನಾವು ದಿನವೂ ಬಿಲ್ಲು ಪಾಸು ಮಾಡುವ ಅದೇ ಬೊಕ್ಕಸದಿಂದ ಈ ಹಣವೂ ಬರುತ್ತದೆ. ಬೀಡಿ ಕಟ್ಟುವ ಹೆಂಗಸು ಕೊಳ್ಳುವ ಸೋಪಿನ ಮೇಲಿನ ತೆರಿಗೆಯೂ ಅದರಲ್ಲಿ ಸೇರಿದೆ. ಆದುದರಿಂದ ಲೆಕ್ಕ ಕೇಳುವ ಹಕ್ಕು ಯಾರಿಗೂ ಇಲ್ಲವೆಂದು ಹೇಳಲಾಗದು. ತಂದೆತಾಯಿಗೂ ಉಂಟು, ಸಮಾಜಕ್ಕೂ ಉಂಟು.

ಯೋಚಿಸಿ ನೋಡಿದರೆ, ಇಂಥ ಓದಿಗೆ ನಾವು ಮೂರು ಬಗೆಯ ಲೆಕ್ಕ ಕೇಳುತ್ತೇವೆ ಎಂದು ತೋರುತ್ತದೆ.

ಮೊದಲನೆಯದು, “ನೀನು ಯಾರು? ಈ ಓದಿಗೆ ನೀನು ತಕ್ಕವಳೆ?” ಎಂಬುದು. ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೇಲಿನ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತರ ತಂಗಿ ಇವರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿದವರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಸುಮ್ಮನಾಗಲಿಲ್ಲ, ಬೆಂಗಳೂರಿಗೇ ಬಂದು ಕಾರಣ ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇಟ್ಟುಕೊಂಡು, ಕೆಲಸ ತೃಪ್ತಿಕರವೆನಿಸಿದರೆ ಮಾತ್ರ ಪೂರ್ಣ ಪ್ರವೇಶವೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಅವರು ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಆ ಕೆಲಸ ಕಂಡ ಮೇಲೆ ರಾಮನ್ನರೂ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. ಕಮಲಾ ಕೇಂಬ್ರಿಜ್ಜಿಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು, ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರ ಹೆಸರಿದೆ.

ರಾಮನ್ನರಂಥ ಮಹಾ ವಿಜ್ಞಾನಿಯೂ ಇಲ್ಲಿ ಕೇಳಿದ ಲೆಕ್ಕ ತಪ್ಪು ಲೆಕ್ಕ. ಬಿತ್ತುವ ಮುಂಚೆಯೇ ಬೆಳೆಯ ಜಾಮೀನು ಕೇಳಿದಂತೆ. ಈ ಮೊದಲನೆಯ ಲೆಕ್ಕ ಇಂದಿಗೂ ನಮ್ಮ ಮನೆಗಳಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಮಗ ಪಿಎಚ್.ಡಿ. ಮಾಡುತ್ತೇನೆಂದರೆ “ಸಂಬಳ ಎಷ್ಟು ಬರುತ್ತದೆ?” ಎನ್ನುತ್ತೇವೆ, ಮಗಳು ಅಂದರೆ “ಇದಕ್ಕಿಂತ ಹೆಚ್ಚು ಓದಿದ ವರ ಎಲ್ಲಿ ಸಿಗುತ್ತಾನೆ?” ಎನ್ನುತ್ತೇವೆ. ಈ ಲೆಕ್ಕವನ್ನು ಬಿಟ್ಟುಬಿಡುವುದೇ ಲೇಸು.

ಎರಡನೆಯ ಲೆಕ್ಕ, “ಇದರಿಂದ ಏನು ಉಪಯೋಗ?” ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಮನೆಯಿಂದ ಮಾರ್ಕೆಟ್ ಯಾರ್ಡು ಹತ್ತಿರ. ತಾಯಿಯವರ ಒತ್ತಾಯಕ್ಕೆ ವರ್ಷಕ್ಕೊಮ್ಮೆ ಅಲ್ಲಿಂದ ಜೋಳದ ಚೀಲ ತರುತ್ತೇವೆ. “ಮಾಲದಂಡಿ ಐತೇನು?” ಎಂದು ಕೇಳದೆ ಅವರು ಕಾಳು ಮುಟ್ಟುವುದಿಲ್ಲ. ಈ ಮಾಲದಂಡಿ, ಎಂ. 35-1 ಎಂಬ ತಳಿ, ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದದ್ದು. ಹಿಂಗಾರಿಯಲ್ಲಿ, ನೆಲದಲ್ಲುಳಿದ ಹಸಿಯ ಮೇಲೆಯೇ ಬೆಳೆಯಬಲ್ಲ ಬಿಳಿಜೋಳ. ಅದಕ್ಕಿಂತ ಹೆಚ್ಚು ಇಳುವರಿಯ ತಳಿಗಳು ಆಮೇಲೆ ಎಷ್ಟೋ ಬಂದರೂ ರೊಟ್ಟಿಯ ರುಚಿಗೆ, ದನದ ಮೇವಿಗೆ ಅದನ್ನೇ ಬೇಡುವ ರೈತರು ಇಂದಿಗೂ ಇದ್ದಾರೆ. ಯಾರೋ ಹೊಲದಲ್ಲಿ ನಿಂತು ತೆನೆಯಿಂದ ತೆನೆಗೆ ನೋಡಿ, ಆರಿಸಿ, ಬರೆದಿಟ್ಟದ್ದರ ಫಲವನ್ನು ನಮ್ಮ ತಟ್ಟೆಯಲ್ಲಿ ದಿನವೂ ಉಣ್ಣುತ್ತಿದ್ದೇವೆ. ಉಪಯೋಗದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಆದರೆ ಈ ಉತ್ತರ ಕೊಟ್ಟು ಸುಮ್ಮನಾದರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಎಲ್ಲ ಸಂಶೋಧನೆಯೂ ಮಾಲದಂಡಿಯಾಗುವುದಿಲ್ಲ. ರಾಘವೇಂದ್ರ ಗದಗಕರ್ ಎಂಬ ವಿಜ್ಞಾನಿಯ ವಿಚಾರ ನೋಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಕಿಟಕಿಯ ಬಳಿ ಗೂಡು ಕಟ್ಟಿದ್ದ ಕಣಜಗಳನ್ನು ನೋಡುತ್ತ ನಿಂತವರು. ಪಿಎಚ್.ಡಿ. ಮಾಡಿದ್ದು ಅಣುಜೀವವಿಜ್ಞಾನದಲ್ಲಿ, ಕಣಜ ನೋಡುವುದು ಬಿಡುವಿನ ಹವ್ಯಾಸ. ಪದವಿ ಬಂದ ಮೇಲೆ ಹವ್ಯಾಸವನ್ನೇ ಜೀವನದ ಕೆಲಸ ಮಾಡಿಕೊಂಡರು. ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಆ ಕಣಜದ ಗೂಡಿನಲ್ಲಿ ರಾಣಿ ಯಾರ ಮೇಲೂ ಏರಿ ಹೋಗದ ಸಾಧು ಪ್ರಾಣಿ. ಜಗಳವಾಡದೆ, ತನ್ನ ಮೈಯ ರಾಸಾಯನಿಕದ ಸುಳಿವಿನಿಂದಲೇ ತನ್ನ ಇರವನ್ನು ಗೂಡಿಗೆಲ್ಲ ತಿಳಿಸುತ್ತದೆ ಎಂದು ಅವರೂ ಅವರ ವಿದ್ಯಾರ್ಥಿಗಳೂ ದಶಕಗಳ ಕಾಲ ನೋಡಿ ತೋರಿಸಿದರು. ಇದರಿಂದ ಜೋಳದ ಇಳುವರಿ ಹೆಚ್ಚಲಿಲ್ಲ. ಆದರೆ ಒಟ್ಟಿಗೆ ಬಾಳುವುದೆಂದರೆ ಏನು, ಒಂದು ಜೀವ ಇನ್ನೊಂದಕ್ಕಾಗಿ ಏಕೆ ದುಡಿಯುತ್ತದೆ ಎಂಬ ಪ್ರಶ್ನೆಗೆ ಬೆಳಕು ಬಿತ್ತು. 1976ರಲ್ಲಿ ಎಂ.ಎಸ್ಸಿ. ಮುಗಿಸಿದ ಆ ತರುಣನ ಮನೆಯವರು “ಕಣಜ ನೋಡಿ ಏನು ಉಪಯೋಗ?” ಎಂದು ಕೇಳಿದ್ದರೆ, ಆ ದಿನ ಯಾರು ತಾನೆ ಉತ್ತರ ಕೊಡಬಹುದಿತ್ತು?

ಎಂದರೆ ಎರಡನೆಯ ಲೆಕ್ಕ ನ್ಯಾಯವಾದದ್ದೇ. ಆದರೆ ಕೇಳುವ ಹೊತ್ತಿಗೆ ಅದಕ್ಕೆ ಉತ್ತರವಿರುವುದಿಲ್ಲ. ಉತ್ತರ ಬರುವ ಹೊತ್ತಿಗೆ ಕೇಳಿದವರು ಇರುವುದಿಲ್ಲ. ಫಲದ ಆಸೆ ಬಿಟ್ಟು ಕರ್ಮ ಮಾಡೆಂದು ಗೀತೆ ಹೇಳುತ್ತದೆ, ನಿಜ. ಮನೆಯ ಸಾಲದ ಕಂತು ಕಟ್ಟುವವನಿಗೆ ಆ ಮಾತು ಸುಲಭವಲ್ಲ.

ಇನ್ನು ಮೂರನೆಯ ಲೆಕ್ಕ. ಅದನ್ನು ಹೇಳುವ ಮುಂಚೆ ನಮ್ಮ ಮನೆಯ ಸಂಗತಿಯನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದಿದ್ದರೆ ಈ ಲೇಖನ ಬರೆದು ಪ್ರಯೋಜನವಿಲ್ಲ.

ನಮ್ಮ ಮಗಳ ವಿಷಯ ಜೋಳದ ಬೀಜ. ಬಿತ್ತುವ ಮೊದಲು ಬೀಜವನ್ನು ಒಂದು ದ್ರಾವಣದಲ್ಲಿ ನೆನೆಸಿ ಒಣಗಿಸಿದರೆ, ನೀರಿನ ಕೊರತೆಯಲ್ಲೂ ಅದು ಚೆನ್ನಾಗಿ ಮೊಳೆಯುತ್ತದೆಯೇ ಎಂಬುದು ಅವಳ ಪ್ರಶ್ನೆ. ಪೆಟ್ರಿ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ನೀರನ್ನು ಬೀಜಕ್ಕೆ ಸುಲಭವಾಗಿ ಬಿಟ್ಟುಕೊಡದ ಇನ್ನೊಂದು ದ್ರಾವಣ ಹಾಕಿ, ತಟ್ಟೆಗೆ 25 ಬೀಜದಂತೆ ಇಡುತ್ತಾಳೆ. ನೆನೆಸಿದ ಬೀಜದ ಆರು ತಟ್ಟೆ, ನೆನೆಸದ ಬೀಜದ ಆರು ತಟ್ಟೆ. ದಿನವೂ ಮೊಳಕೆ ಎಣಿಸಿ ಬರೆಯಬೇಕು. ಭಾನುವಾರವೂ ಸ್ವಾರಗೇಟಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಗರದ ಆ ತುದಿಗೆ ಹೋಗಿ ಎಣಿಸಿ ಬರಬೇಕು. ಮೊಳಕೆಗೆ ರಜೆಯಿಲ್ಲವಷ್ಟೆ.

ಒಂದು ರಾತ್ರಿ ಊಟವಾದ ಮೇಲೆ ಅವಳು ತನ್ನ ಪುಸ್ತಕವನ್ನು ನಮ್ಮ ಮುಂದೆ ತಂದಿಟ್ಟಳು. ನೆನೆಸದ ಬೀಜದ ಆರು ತಟ್ಟೆಯಲ್ಲಿ 14, 13, 15, 12, 14, 13. ನೆನೆಸಿದ್ದರಲ್ಲಿ 21, 20, 22, 21. ಆಮೇಲೆ 12, 11.

“ಅಪ್ಪಾ, ಈ ಕಡೀ ಎರಡು ಪ್ಲೇಟು ಇರಲಿಲ್ಲಾಂದ್ರ ಎಷ್ಟ ಛಂದ ಹೊಂದತಿತ್ತು ನೋಡ್ರಿ” ಎಂದಳು.

ಕೂಡಿ ನೋಡಿದೆವು. ಎಲ್ಲವನ್ನೂ ಹಿಡಿದರೆ ಸರಾಸರಿ 18ಕ್ಕೂ ಕಡಿಮೆ. ತಟ್ಟೆ ತಟ್ಟೆಗೆ ಹೊಂದಿಕೆಯಿಲ್ಲ. ಎರಡನ್ನು ಬಿಟ್ಟರೆ 21. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಎರಡನೆಯ ವರ್ಷ ಮುಗಿಯುತ್ತ ಬಂದಿತ್ತು. ಒಂದು ಲೇಖನ ಅಚ್ಚಾದರೆ ದಾರಿ ಸುಗಮ. ಬೀಗರಾಗಬಹುದಾದ ಒಂದು ಮನೆಯವರು “ಎಂದು ಮುಗಿಯುತ್ತದೆ?” ಎಂದು ಅದೇ ವಾರ ಫೋನು ಮಾಡಿದ್ದರು. ನಾವೆಂದೆವು:

“ಆ ಎರಡಕ್ಕ ಬೂಷ್ಟು ಹಿಡಿದಿತ್ತು ಅಂತ ಬರದು ತಗದುಬಿಡವಾ. ಯಾರು ಬಂದು ನೋಡತಾರ?”

ಅವಳು ನಮ್ಮ ಮುಖ ನೋಡಿದಳು. “ಬೂಷ್ಟು ಹಿಡಿದಿದ್ದಿಲ್ಲಲ್ರಿ ಅಪ್ಪಾ” ಎಂದಳು. ಅಷ್ಟೆ. ಪುಸ್ತಕವನ್ನು ಅಲ್ಲಿಯೇ ಬಿಟ್ಟು ಮಲಗಲು ಹೋದಳು.

ನಮಗೆ ನಿದ್ರೆ ಬರಲಿಲ್ಲ. ಎದ್ದು ಆ ಪುಸ್ತಕದ ಹಾಳೆ ತಿರುವಿದೆವು. ಮೊದಲ ಪುಟದಲ್ಲಿ ಅವಳೇ ಬರೆದು ಅಂಟಿಸಿಕೊಂಡ ನಿಯಮಗಳಿದ್ದವು: ಶಾಯಿಯಲ್ಲಿಯೇ ಬರೆಯತಕ್ಕದ್ದು, ಹಾಳೆ ಹರಿಯಕೂಡದು, ಅಳಿಸಕೂಡದು, ತಪ್ಪಿದ್ದರೆ ಹಳೆಯ ಅಂಕೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಖು ಹಾಕತಕ್ಕದ್ದು. ಈ ನಿಯಮಗಳನ್ನು ನಾವು ಎಲ್ಲಿ ಓದಿದ್ದೆವು? 1999ರಲ್ಲಿ ನೌಕರಿಗೆ ಸೇರಿದ ಮೊದಲ ವಾರದಲ್ಲಿ! ನಗದು ಪುಸ್ತಕದಲ್ಲಿ ಅಳಿಸುವುದು, ಅಂಕೆಯ ಮೇಲೆ ಅಂಕೆ ತಿದ್ದುವುದು ಕೂಡದು. ಕೆಂಪು ಶಾಯಿಯಲ್ಲಿ ಹೊಡೆದು, ತಾರೀಖಿನೊಂದಿಗೆ ಸಹಿ ಮಾಡಬೇಕು. ಈಗ ಕೆಲಸವೆಲ್ಲ ಗಣಕಯಂತ್ರಕ್ಕೆ ಹೋಗಿದೆ. ಅದರಲ್ಲೂ ಯಾರು ಯಾವಾಗ ಏನು ತಿದ್ದಿದರೆಂಬುದು ಉಳಿಯುತ್ತದೆ. ಇಪ್ಪತ್ತೈದು ವರ್ಷದಲ್ಲಿ ನಾವು ಒಂದು ಸುಳ್ಳು ವೋಚರಿಗೂ ಸಹಿ ಹಾಕಿದವರಲ್ಲ. ಅದೇ ನಾವು, ಮಗಳ ಪುಸ್ತಕದಲ್ಲಿ ಎರಡು ನಿಜವಾದ ಅಂಕೆಗೆ ಸುಳ್ಳು ಕಾರಣ ಕಟ್ಟಲು ಹೇಳಿದ್ದೆವು. ಲಂಚಕ್ಕಲ್ಲ, ಹೆದರಿಕೆಗಲ್ಲ, ಮಮತೆಯಿಂದ.

ಬಿ.ಎಸ್ಸಿ.ಯಲ್ಲಿ ಓದಿದ ಮೆಂಡೆಲ್ ಆ ರಾತ್ರಿ ನೆನಪಾದ. ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆದು ಅನುವಂಶಿಕತೆಯ ನಿಯಮ ಕಂಡುಹಿಡಿದ ಪಾದ್ರಿ. 1866ರಲ್ಲಿ ಅಚ್ಚಾದ ಅವನ ಲೇಖನದಲ್ಲಿ ಎರಡನೆಯ ಪೀಳಿಗೆಯ ದುಂಡು ಕಾಳು 5,474, ಸುಕ್ಕು ಕಾಳು 1,850, ಮೂರಕ್ಕೆ ಒಂದರಂತೆ. 1900ರವರೆಗೆ ಆ ಲೇಖನವನ್ನು ಲೋಕ ಮರೆತಿತ್ತು. 1936ರಲ್ಲಿ ಆರ್.ಎ. ಫಿಷರ್ ಎಂಬ ಸಂಖ್ಯಾಶಾಸ್ತ್ರಜ್ಞ ಮೆಂಡೆಲನ ಎಲ್ಲ ಅಂಕೆಗಳನ್ನೂ ಪರಿಶೀಲಿಸಿ, ಇವು ನಿಯಮಕ್ಕೆ ಅತಿಯಾಗಿ ಹೊಂದುತ್ತವೆ, ಪ್ರಕೃತಿ ಇಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ ಎಂದ. ಮೆಂಡೆಲ್ ಮೋಸ ಮಾಡಿದನೆಂದು ಅವನು ಹೇಳಲಿಲ್ಲ. ಗುರುವಿಗೆ ಏನು ಬೇಕೆಂಬುದನ್ನು ಚೆನ್ನಾಗಿ ಬಲ್ಲ ಸಹಾಯಕನೊಬ್ಬನ ಕೈವಾಡ ಇರಬಹುದೆಂದು ಊಹಿಸಿದ. ಮೆಂಡೆಲ್ ನಿರ್ದೋಷಿಯೆಂದು ಆಮೇಲೆ ಎಷ್ಟೋ ವಿದ್ವಾಂಸರು ವಾದಿಸಿದ್ದಾರೆ. ಅವನ ನಿಯಮವಂತೂ ಅಲುಗಲಿಲ್ಲ. ನಮ್ಮನ್ನು ಕಾಡಿದ್ದು ಆ ಊಹೆಯ ಸಹಾಯಕ. ಗುರುವಿಗೆ ಪ್ರಿಯವಾದದ್ದನ್ನೇ ಎಣಿಸಿ ಕೊಡುವ, ಸ್ವಂತಕ್ಕೆ ಏನೂ ಬಯಸದ, ಪ್ರೀತಿಯ ಸಹಾಯಕ. ಆ ರಾತ್ರಿ ನಮ್ಮ ಮನೆಯಲ್ಲಿ ಅವನು ನಾವೇ ಆಗಿದ್ದೆವು.

ಮೂರನೆಯ ಲೆಕ್ಕ ಇದು: “ಕಂಡದ್ದನ್ನೆಲ್ಲ ಬರೆದೆಯಾ?” ಉಪಯೋಗದ ಲೆಕ್ಕದಂತೆ ಇದಕ್ಕೆ ನೂರು ವರ್ಷ ಕಾಯಬೇಕಾಗಿಲ್ಲ, ಇಂದೇ ಕೇಳಬಹುದು, ಇಂದೇ ಉತ್ತರ ಕೊಡಬಹುದು. ಆದರೂ ಯಾವ ತಂದೆತಾಯಿಯೂ ಇದನ್ನು ಕೇಳುವುದಿಲ್ಲ. ಸರ್ಕಾರ ಕೇಳುತ್ತದೆ, ತನಗೆ ಸಾಧ್ಯವಾದಷ್ಟು. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಕೃತಿಚೌರ್ಯದ ವಿರುದ್ಧ ನಿಯಮ ಮಾಡಿತು. ಮಹಾಪ್ರಬಂಧದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಹೋಲಿಕೆ ಸಿಕ್ಕರೆ ನೋಂದಣಿಯೇ ರದ್ದು. ಬೇರೆಯವರ ವಾಕ್ಯ ಕದ್ದರೆ ಗಣಕಯಂತ್ರ ಹಿಡಿಯುತ್ತದೆ. ಬಿಟ್ಟುಬಿಟ್ಟ ಎರಡು ತಟ್ಟೆಯನ್ನು ಹಿಡಿಯುವ ಯಂತ್ರ ಎಲ್ಲಿದೆ? ಅಲ್ಲಿ ಕಾವಲುಗಾರನೂ ಅವನೇ, ಕಳ್ಳನೂ ಅವನೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದೆವು. ಉತ್ತರ ಮೊದಲೇ ಗೊತ್ತಿದ್ದರೆ ಅದು ಸಂಶೋಧನೆಯಲ್ಲ. ಗೊತ್ತಿಲ್ಲದಿದ್ದರೆ, ಇಂಥದೇ ಉತ್ತರ ತರುತ್ತೇನೆಂದು ಮಾತು ಕೊಡುವುದು ಪ್ರಾಮಾಣಿಕನಿಂದ ಆಗದು. ಹೀಗಿರುವಾಗ, ಒಳ್ಳೆಯ ಫಲ ತಂದೇ ತೀರಬೇಕೆಂದು ಪಟ್ಟು ಹಿಡಿಯುವವರು, ತಮಗೆ ಅರಿವಿಲ್ಲದೆಯೇ, ಸುಳ್ಳು ಹೇಳೆಂದು ಬೇಡುತ್ತಿರುತ್ತಾರೆ. ಸುಳ್ಳು ಪ್ರಯೋಗಾಲಯದಲ್ಲಿ ಹುಟ್ಟುತ್ತದೆಂದು ನಾವು ತಿಳಿದಿದ್ದೆವು. ಅದು ಊಟದ ಮಣೆಯ ಮೇಲೂ ಹುಟ್ಟಬಹುದು, “ಎಂದು ಮುಗಿಯುತ್ತದೆ?” ಎಂಬ ಪ್ರೀತಿಯ ಪ್ರಶ್ನೆಯೇ ಅದರ ಬೀಜ.

ಹಾಗೆಂದು ಸಂಶೋಧಕರಿಗೆ ಏನೂ ಹೊಣೆಯಿಲ್ಲವೆಂದು ನಾವು ಹೇಳುತ್ತಿಲ್ಲ. ಡಾಕ್ಟರ್ ಎಂಬ ಎರಡಕ್ಷರದ ಬಯಕೆಗೆ, ನೌಕರಿಯ ಬಡ್ತಿಗೆ, ಅಥವಾ ಬೇರೆ ಕೆಲಸ ಸಿಗಲಿಲ್ಲವೆಂದು ವರ್ಷ ಕಳೆಯುವವರು ಇದ್ದಾರೆ. ಅಂಥವರಿಗೆ ಸಾರ್ವಜನಿಕರ 24 ಲಕ್ಷದ ಭಾರ ತಿಳಿಯಬೇಕು. ಎಲ್ಲರೂ ಈ ಓದು ಓದಲೇಬೇಕೆಂದೇನೂ ಇಲ್ಲ. ನಡುವೆ ಬಿಟ್ಟುಬಂದರೆ ಅವಮಾನವೂ ಅಲ್ಲ. ಆದರೆ ಓದುತ್ತೇನೆಂದು ನಿಂತವರ ಬಳಿ ನಾವು ಕೇಳಬಹುದಾದದ್ದು ದುಡಿಮೆ ಮತ್ತು ನಿಜ, ಈ ಎರಡನ್ನೇ. ಫಲ ಅವರ ಕೈಯಲ್ಲಿಲ್ಲ. ಮಳೆ ರೈತನ ಕೈಯಲ್ಲಿಲ್ಲದ ಹಾಗೆ.

ಆಮೇಲೆ ಏನಾಯಿತೆಂದು ಓದುಗರು ಕೇಳಬಹುದು. ಮರುದಿನ ಬೆಳಿಗ್ಗೆ ಮಗಳಿಗೆ “ನಿನ್ನೆ ನಾನು ಹೇಳಿದ್ದು ತಪ್ಪವಾ” ಎಂದೆವು. ಅವಳು ನಕ್ಕು “ಇರಲಿ ಬಿಡ್ರಿ” ಎಂದಳು. ಆ ಪ್ರಯೋಗವನ್ನು ಮತ್ತೆ ಮೂರು ಸಲ ಮಾಡಿದಳು. ಆ ಎರಡು ತಟ್ಟೆಯಿಂದ ಹೊಸದೊಂದು ಸತ್ಯ ಹೊರಟು ಅವಳಿಗೆ ಹೆಸರು ಬಂತೆಂದು ಬರೆಯಲು ನಮಗೂ ಆಸೆ. ಹಾಗಾಗಲಿಲ್ಲ. ಮಾಡಿದಂತೆಲ್ಲ ವ್ಯತ್ಯಾಸ ಕಿರಿದಾಗುತ್ತ ಹೋಯಿತು; ಕೊನೆಗೆ ಇದೆಯೆಂದು ಹೇಳುವಷ್ಟು ಉಳಿಯಲಿಲ್ಲ. ಮಾರ್ಗದರ್ಶಕರು ಕಂಡಂತೆಯೇ ಬರೆಯಲು ಹೇಳಿದರು. ಆ ದ್ರಾವಣವನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕಾಯಿತು. ಎಂದರೆ ಇನ್ನೂ ಒಂದು ವರ್ಷ. ಫೋನು ಮಾಡಿದ್ದ ಮನೆಯವರು ಮತ್ತೆ ಮಾಡಲಿಲ್ಲ. ನಿಜ ಹೇಳಿದ್ದಕ್ಕೆ ಬೆಲೆ ತೆರಲೇಬೇಕಾಯಿತು. ತೆತ್ತವಳು ಅವಳು, ನಾವಲ್ಲ.

ಒಂದು ಸಂಜೆ ನಮ್ಮ ತಾಯಿಯವರು ರೊಟ್ಟಿ ಬಡಿಯುತ್ತ ಮೊಮ್ಮಗಳನ್ನು ಕೇಳಿದರು: “ನೆನಸಿ ಬಿತ್ತಿದ್ರ ಚಲೋ ಹುಟ್ಟತಾವು ಅಂತಿದ್ದೆಲ್ಲ, ಏನಾತು?”

“ಏನೂ ಫರಕ ಕಾಣಲಿಲ್ಲ ಆಯಿ.”

“ಕಾಣಲಿಲ್ಲಾಂದ್ರ ಕಾಣಲಿಲ್ಲಂತನ ಬರಿ. ನಿನ್ನ ಮಾತು ಕೇಳಿ ಮಂದಿ ಬಿತ್ತತಾರ.”

ಮೆಂಡೆಲ್, ಫಿಷರ್, ನಗದು ಪುಸ್ತಕದ ಕೆಂಪು ಶಾಯಿ ಎಂದು ನಾವು ರಾತ್ರಿಯೆಲ್ಲ ತಿಣುಕಿ ಮುಟ್ಟಿದ ಜಾಗಕ್ಕೆ ಅವರು ಹಿಟ್ಟು ಹತ್ತಿದ ಕೈಯಲ್ಲೇ ಮುಟ್ಟಿಬಿಟ್ಟರು. ಸಂಶೋಧನೆಯ ಸುಳ್ಳು ಪುಸ್ತಕದಲ್ಲೇ ಉಳಿಯುವುದಿಲ್ಲ. ಎಲ್ಲೋ ಇಂಡಿಯ ಹೊಲದಲ್ಲಿ ಒಬ್ಬ ರೈತ ಅದನ್ನು ನಂಬಿ ಕೂರಿಗೆ ಹೂಡುತ್ತಾನೆ. ಅವನ ಬಿತ್ತನೆ ಹುಸಿಹೋದರೆ, ಪುಣೆಯಲ್ಲಿ ಯಾರೋ ಬಿಟ್ಟುಬಿಟ್ಟ ಎರಡು ತಟ್ಟೆ ಅದಕ್ಕೆ ಕಾರಣವೆಂದು ಅವನಿಗೆ ತಿಳಿಯುವುದೂ ಇಲ್ಲ.

ನಮ್ಮ ಸಂಘದ ಬಂಧುಗಳಲ್ಲಿ ಒಂದು ಬಿನ್ನಹ. ಇಂಥ ಓದಿನಲ್ಲಿರುವ ಮಕ್ಕಳು ಈಗ ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಹಬ್ಬಕ್ಕೋ ಅರಿಸಿನ ಕುಂಕುಮಕ್ಕೋ ಅಂಥ ಮನೆಗೆ ಹೋದಾಗ, ಎಂದು ಮುಗಿಯುತ್ತದೆ, ಎಷ್ಟು ಬರುತ್ತದೆ ಎಂದು ಕೇಳುವ ಮುಂಚೆ, “ಏನು ನೋಡುತ್ತಿದ್ದೀಯಮ್ಮಾ? ಏನು ಕಂಡಿತು?” ಎಂದು ಒಮ್ಮೆ ಕೇಳಿ ನೋಡಿ. “ಏನೂ ಕಾಣಲಿಲ್ಲ” ಎಂಬ ಉತ್ತರ ಬಂದರೆ ಅದಕ್ಕೂ ತಲೆದೂಗಿ. ಆ ಉತ್ತರ ಕೊಡುವುದಕ್ಕೂ ವರ್ಷಗಟ್ಟಲೆ ಓದಬೇಕಾಗುತ್ತದೆ.

ನಮ್ಮ ತಾಯಿಯವರು ಮಾತ್ರ ಬರುವ ಯುಗಾದಿಗೆ ತಮ್ಮ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿಯೇ ಕೇಳುತ್ತಾರೆ. ಕೇಳಲಿ. ಬಿತ್ತಿದವರು ಹೊಲದ ಕಡೆ ನೋಡದೆ ಇರಲಾರರು.